ಸುಲ್ತಾನ ಸಾಧುವಾದದ್ದು

ಮದುವೆ ಮೆರವಣಿಗೆಯಲ್ಲಿ ನನ್ನದೊಂದು ಕೆಟ್ಟ ಅಭ್ಯಾಸವಿದೆ. ಜನರೆಲ್ಲ ಕುದುರೆಯ ಮೇಲೆ ಕೂತ ಮದುಮಗನನ್ನು, ಅವನ ಪೇಟವನ್ನು, ಕೊರಳಿನ ಹಾರವನ್ನು ನೋಡುತ್ತಿದ್ದರೆ ನಾನು ಮಾತ್ರ ಸ್ವಲ್ಪ ಬಗ್ಗಿ ಕುದುರೆಯ ಹಿಂಗಾಲುಗಳ ನಡುವೆ ಕಣ್ಣು ಹಾಯಿಸುತ್ತೇನೆ. ಮೊನ್ನೆ ಮೈಸೂರಿನಲ್ಲಿ ಒಂದು ಛತ್ರದ ಮುಂದೆ ಹೀಗೆ ಬಗ್ಗಿದ್ದಾಗ ಪಕ್ಕದಲ್ಲಿದ್ದ ನನ್ನ ಸೊಸೆ, "ಏನತ್ತೆ ಹುಡುಕ್ತಿದೀರಾ, ಓಲೆ ಬಿದ್ದೋಯ್ತಾ" ಎಂದಳು. ಹೌದೆಂದುಬಿಟ್ಟೆ. ಅವಳು ಪಾಪ, ಆ ಬ್ಯಾಂಡಿನ ಗದ್ದಲದಲ್ಲಿ, ಪಟಾಕಿಯ ಹೊಗೆಯಲ್ಲಿ, ನನ್ನ ಕಿವಿಯಲ್ಲೇ ಇದ್ದ ಓಲೆಯನ್ನು ರಸ್ತೆಯ ಮೇಲೆ ಹುಡುಕತೊಡಗಿದಳು. ನನಗೆ ಬೇಕಾದದ್ದು ಅಷ್ಟರಲ್ಲಿ ಸಿಕ್ಕಿತ್ತು. ಪಟಾಕಿಯ ಸರ ಕಾಲಬುಡದಲ್ಲೇ ಸಿಡಿಯುತ್ತಿದ್ದರೂ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿದ್ದ ಆ ಬಿಳಿ ಕುದುರೆಗೆ ಬೀಜ ಒಡೆಸಿದ್ದರು.

ಇದನ್ನು ಕಂಡುಹಿಡಿದು ನನಗೆ ಆಗಬೇಕಾದದ್ದು ಏನೂ ಇಲ್ಲ. ಆದರೆ ಈ ವಿಷಯದಲ್ಲಿ ನಾನು ಸ್ವಲ್ಪ ಬಲ್ಲವಳು. ಓದಿ ತಿಳಿದದ್ದಲ್ಲ. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಸಂತಾನೋತ್ಪತ್ತಿಯ ಪಾಠ ಬಂದಾಗ ಸೀಮೆಸುಣ್ಣ ಕೆಳಗಿಟ್ಟು, "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಕಿಟಕಿಯ ಕಡೆ ತಿರುಗಿಕೊಂಡೇ ಪುಟ ಮಗುಚಿದ್ದರು. ಮನೆಯಲ್ಲಿ ಓದಲು ಕೂತರೆ ಅಮ್ಮ ಚಿತ್ರಗಳನ್ನು ನೋಡಿ ಪುಸ್ತಕ ಕಿತ್ತುಕೊಂಡು ಅಟ್ಟದ ಮೇಲಿಟ್ಟಳು. ಹೀಗಾಗಿ ಆ ಪಾಠ ನನಗೆ ಆದದ್ದು ಬಹಳ ತಡವಾಗಿ, ಮದುವೆಯಾಗಿ ಮಗ ಹುಟ್ಟಿ ಮೂವತ್ತರ ಹತ್ತಿರ ಬಂದ ಮೇಲೆ, ದೊಡ್ಡಪ್ಪನ ಕೊಟ್ಟಿಗೆಯಲ್ಲಿ.

ನನ್ನ ತವರು ನಂಜನಗೂಡು ತಾಲ್ಲೂಕಿನಲ್ಲಿ, ಕವಲಂದೆಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಅಪ್ಪ ಮತ್ತು ಅವರ ಅಣ್ಣ ಶಿವಮಲ್ಲಪ್ಪ, ಎಂದರೆ ನಮ್ಮ ದೊಡ್ಡಪ್ಪ, ಒಂದೇ ಮನೆಯಲ್ಲಿದ್ದರು. ಯಜಮಾನಿಕೆ ದೊಡ್ಡಪ್ಪನದು. ಅರಿಸಿನ, ಕಬ್ಬು ಬೆಳೆಯುತ್ತಿದ್ದರು. ಮಠದ ಸ್ವಾಮಿಗಳ ಮುಂದೆ ಬಿಟ್ಟರೆ ಇನ್ನೆಲ್ಲೂ ದನಿ ತಗ್ಗಿಸಿದವರಲ್ಲ. ತೊಂಬತ್ತರ ದಶಕದಲ್ಲಿ ಊರಿನ ಅನುಕೂಲಸ್ಥರೆಲ್ಲ ಮೋಟಾರ್ ಸೈಕಲ್ ಕೊಂಡಾಗ ಇವರೂ ಒಂದನ್ನು ಕಲಿಯಲು ಹೋಗಿ ನೇರವಾಗಿ ಅರಿಸಿನ ಬೇಯಿಸುವ ಒಲೆಯ ಗುಂಡಿಯೊಳಕ್ಕೆ ಇಳಿದರು. ಪುಣ್ಯಕ್ಕೆ ಒಲೆ ಹೊತ್ತಿಸಿರಲಿಲ್ಲ. ಮಂಡಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದಾಗಲೇ, "ಕಿವಿ ಇಂಡಿದ್ರೆ ಓಡೋದೂ ಒಂದು ಗಾಡಿಯಾ" ಎಂದು ಅದನ್ನು ಮಾರಿಸಿ, ಮೈಸೂರಿನಿಂದ ಒಂದು ಕುದುರೆ ತರಿಸಿದರು. ಅದೇ ಸುಲ್ತಾನ.

ಸುಲ್ತಾನ ಕಂದು ಬಣ್ಣದವನು. ಹಣೆಯ ಮೇಲೆ ಒಂದು ಬಿಳಿಯ ಪಟ್ಟೆ. ಅದು ನೇರವಾಗಿ ಇಳಿಯುವುದು ಬಿಟ್ಟು ಅರ್ಧದಾರಿಯಲ್ಲಿ ಎಡಗಣ್ಣಿನ ಕಡೆಗೆ ವಾಲಿತ್ತು. ಬಂದಾಗಲೇ ಪ್ರಾಯ ತುಂಬಿದವನು. ಕತ್ತು ದಪ್ಪವಾಗಿ ಬಿಲ್ಲಿನ ಹಾಗೆ ಬಾಗಿತ್ತು. ರಸ್ತೆಯಲ್ಲಿ ಜಟಕಾದ ಗೆಜ್ಜೆ ಕೇಳಿದರೆ ಸಾಕು, ಗೊಂತಿನ ಹತ್ತಿರ ನಿಂತು ಹಿತ್ತಲಿನ ಪಾತ್ರೆಗಳು ಅದುರುವಂತೆ ಕೆನೆಯುತ್ತಿದ್ದ. ಲದ್ದಿ ಹಾಕುವುದಕ್ಕೂ ಅವನಿಗೆ ಗೊತ್ತಾದ ಜಾಗವಿತ್ತು, ಗೇಟಿನ ಬಲಗಡೆ. ಹಾಕಿ, ತಿರುಗಿ ಮೂಸಿ, ಮೇಲ್ದುಟಿಯನ್ನು ಮೂಗಿನ ಮೇಲಕ್ಕೆ ಮಡಿಚಿ ಹಲ್ಲು ಕಿಸಿದು ಒಂದು ಗಳಿಗೆ ನಿಲ್ಲುತ್ತಿದ್ದ. ಚಿಕ್ಕ ಮಕ್ಕಳು ನಗುತ್ತಾನೆ ಎಂದು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ದೊಡ್ಡಪ್ಪನನ್ನು ಬಿಟ್ಟು ಬೇರೆ ಯಾರು ಹತ್ತಿರ ಹೋದರೂ ಕಿವಿ ಹಿಂದಕ್ಕೆ ಅಂಟಿಸಿ ಕಚ್ಚಲು ಬರುತ್ತಿದ್ದ. ಅಪ್ಪನ ಪಂಚೆ, ಪೋಸ್ಟ್‌ಮ್ಯಾನಿನ ಚೀಲ, ಮನೆಯ ಎತ್ತೊಂದರ ಬಾಲದ ತುದಿ ಇವೆಲ್ಲ ಅವನ ಬಾಯಿಗೆ ಸಿಕ್ಕಿದ್ದವು. ದೊಡ್ಡಪ್ಪನಿಗೆ ಇದರಲ್ಲಿ ಒಳಗೊಳಗೇ ಸಂತೋಷವಿತ್ತೆಂದು ನನ್ನ ಅನುಮಾನ.

ಇಲ್ಲಿ ಕುದುರೆಯನ್ನು ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಎರಡನೆಯ ಕ್ಲಾಸಿನಲ್ಲೋ ಮೂರನೆಯ ಕ್ಲಾಸಿನಲ್ಲೋ ಇದ್ದಾಗ ಒಂದು ದಿನ ದೊಡ್ಡಪ್ಪ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು, ಕಾಲುಗಳನ್ನು ಅಗಲಿಸಿ ಮೆಲ್ಲಗೆ ನಡೆಯುತ್ತ ಮನೆಗೆ ಬಂದರು. ಊರಿಗೇ ಮೊದಲ ಪ್ಲಾಸ್ಟಿಕ್ ಬಕೆಟ್ ಅದು. ಓಟದ ಪಂದ್ಯದಲ್ಲಿ ಗೆದ್ದು ತಂದಿದ್ದಾರೆ, ಓಡಿ ಓಡಿ ಕಾಲು ನೋವು ಬಂದಿದೆ ಎಂದು ನಾನು ಓರಗೆಯವರಿಗೆಲ್ಲ ಸಾರಿಕೊಂಡು ಬಂದೆ. ಅದು ಸಂತಾನ ಆಪರೇಷನ್ ಕ್ಯಾಂಪಿನವರು ಕೊಟ್ಟ ಬಕೆಟ್. ಎರಡು ಗಂಡುಮಕ್ಕಳಾಗಿದ್ದವು, ಸಾಕೆಂದು ಮಾಡಿಸಿಕೊಂಡಿದ್ದರು. ಆ ಬಕೆಟ್ಟಿನಲ್ಲಿ ನಾವೆಲ್ಲ ಪಾಳಿಯ ಮೇಲೆ ಸ್ನಾನ ಮಾಡಿದೆವು. ಕ್ಯಾಂಪ್ ಆಗಿ ಒಂದೆರಡು ತಿಂಗಳಿಗೆ ದೊಡ್ಡಮ್ಮ ಬಸುರಿಯಾದಳು.

ಹುಟ್ಟಿದವಳು ಗಿರಿಜ. ದೊಡ್ಡಪ್ಪ ಗಲಾಟೆ ಮಾಡಲಿಲ್ಲ, ಹೊಡೆಯಲಿಲ್ಲ, ತವರಿಗೆ ಅಟ್ಟಲಿಲ್ಲ. ಹಾಸಿಗೆಯನ್ನು ಕೋಣೆಯಿಂದ ತೆಗೆದು ಜಗಲಿಯ ಮೇಲೆ ಹಾಕಿಸಿಕೊಂಡರು, ಅಷ್ಟೆ. ದೊಡ್ಡಮ್ಮ ಗೌರಮ್ಮಣ್ಣಿ ಬಾಣಂತನ ಮುಗಿದ ಮೇಲೆ ಒಂದೇ ಒಂದು ಸಲ, ನಮ್ಮ ಅಪ್ಪ ಅಮ್ಮನ ಎದುರಿಗೆ, "ಮಗಾ ನಿಮ್ದೇಯ" ಎಂದು ಗಂಡನಿಗೆ ಹೇಳಿದಳಂತೆ. ಅವರು ಎದ್ದು ಗದ್ದೆಗೆ ಹೋದರಂತೆ. ಆಮೇಲೆ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಮ್ಮ ನನಗೆ ಇದನ್ನೆಲ್ಲ ಹೇಳಿದ್ದು ನನ್ನ ಮದುವೆಯ ಹಿಂದಿನ ವಾರ, ಬುದ್ಧಿಮಾತಿನ ಜೊತೆಗೆ ಸೇರಿಸಿ.

ಗಿರಿಜಳಿಗೆ ಊಟಕ್ಕೆ, ಬಟ್ಟೆಗೆ, ಓದಿಗೆ ಯಾವ ಕೊರತೆಯನ್ನೂ ದೊಡ್ಡಪ್ಪ ಮಾಡಲಿಲ್ಲ. ಆದರೆ ಅವರು ಅವಳನ್ನು ಎತ್ತಿಕೊಂಡದ್ದನ್ನು ನಾನು ನೋಡಲಿಲ್ಲ, ಹೆಸರು ಹಿಡಿದು ಕರೆದದ್ದನ್ನು ಕೇಳಲಿಲ್ಲ. "ಆ ಮಗೀಗೆ ಆಲು ಕೊಡಿ" ಎನ್ನುತ್ತಿದ್ದರು. ಅವಳು ದೊಡ್ಡವಳಾದ ಮೇಲೆ, "ಆ ಉಡ್ಗೀಗೆ ಬಸ್ಸಿಗೆ ಒತ್ತಾಯ್ತು ಅನ್ನಿ" ಎಂದು ಗೋಡೆಗೆ ಹೇಳುತ್ತಿದ್ದರು. ಶಾಲೆಗೆ ಸೇರಿಸಿದ್ದು ನಮ್ಮ ಅಪ್ಪ. ಜ್ವರ ಬಂದಾಗ ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದದ್ದೂ ನಮ್ಮ ಅಪ್ಪ. ಗಿರಿಜ ಬುದ್ಧಿವಂತೆ, ಯಾಕೆ ಹೀಗೆ ಎಂದು ಯಾರನ್ನೂ ಕೇಳದೆ ದೊಡ್ಡಪ್ಪ ಬರುವ ಹೊತ್ತಿಗೆ ಜಗಲಿಯಿಂದ ಎದ್ದು ಒಳಗೆ ಹೋಗುವುದನ್ನು ರೂಢಿಸಿಕೊಂಡಿದ್ದಳು.

ಅವಳಿಗೆ ಇಪ್ಪತ್ತರ ಸುಮಾರಿಗೆ ತಿರುಮಕೂಡಲು ನರಸೀಪುರದಿಂದ ಒಂದು ಗಂಡು ಬಂತು. ಬಂದದ್ದು ನನ್ನ ಮೂಲಕವೇ. ನನ್ನನ್ನು ನಂಜನಗೂಡಿಗೆ ಕೊಟ್ಟಿದ್ದರೂ ಕೆಲಸ ನರಸೀಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿತ್ತು. ದಿನವೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತವಳಿಗೆ ಯಾರ ಮನೆಯಲ್ಲಿ ಗಂಡಿದ್ದಾನೆ, ಯಾರ ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದಾರೆ ಎಂಬುದು ತಾನಾಗಿ ಗೊತ್ತಾಗುತ್ತಿತ್ತು. ಹುಡುಗ ಸಹಕಾರಿ ಸಂಘದಲ್ಲಿ ಕೆಲಸದಲ್ಲಿದ್ದ. ಎಲ್ಲರಿಗೂ ಒಪ್ಪಿಗೆಯಾಗುವ ಲಕ್ಷಣವಿತ್ತು. ಹೆಣ್ಣು ನೋಡುವ ದಿನದ ಹಿಂದಿನ ಭಾನುವಾರ ದೊಡ್ಡಪ್ಪ ನನ್ನ ಅಪ್ಪನಿಗೆ, "ಒಪ್ಗೆ ಆದ್ರೆ ಖರ್ಚೆಲ್ಲ ನಂದು. ಧಾರೆಗೆ ಮಾತ್ರ ನೀನೂ ನಿನ್ ಎಂಡ್ರೂ ಕೂತ್ಕಳಿ" ಎಂದರು. ನಮ್ಮಲ್ಲಿ ಹೆತ್ತವರು ಬದುಕಿದ್ದು, ಗಟ್ಟಿಮುಟ್ಟಾಗಿದ್ದು, ಚಿಕ್ಕಪ್ಪ ಧಾರೆ ಎರೆದರೆ ಛತ್ರದಲ್ಲಿ ಕೂತ ಅಷ್ಟೂ ಜನಕ್ಕೆ ಮೈಕು ಹಿಡಿದು ಹೇಳಿದಂತೆಯೇ. ಇಪ್ಪತ್ತು ವರ್ಷ ಮನೆಯೊಳಗಿದ್ದದ್ದು ಅವತ್ತು ಮಂಟಪಕ್ಕೆ ಬರುತ್ತಿತ್ತು. ದೊಡ್ಡಮ್ಮ ಒಳಗೆ ರಾಗಿ ಬೀಸಿದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿಯ ಸದ್ದು ನಿಲ್ಲಲಿಲ್ಲ.

ಗಂಡಿನ ಕಡೆಯವರು ಕವಲಂದೆಯಲ್ಲಿ ಬಸ್ಸಿಳಿದು ಅಮೀರ್ ಸಾಬರ ಜಟಕಾದಲ್ಲಿ ಬಂದರು. ನಮ್ಮ ಕಡೆ ಉಳಿದಿದ್ದದ್ದು ಅದೊಂದೇ ಜಟಕಾ. ಅದಕ್ಕೆ ಕಟ್ಟುತ್ತಿದ್ದದ್ದು ರಾಣಿ ಎಂಬ ಹೆಣ್ಣು ಕುದುರೆ. ಜಟಕಾ ಗೇಟಿನ ಒಳಕ್ಕೆ ತಿರುಗುವಾಗ ಸುಲ್ತಾನ ಹಗ್ಗದ ಜೊತೆಗೆ ಗೂಟವನ್ನೂ ಕಿತ್ತುಕೊಂಡು ಬಂದ. ಹುಡುಗನ ಸೋದರಮಾವ ಹಾರಿ ಹುಲ್ಲಿನ ಮೆದೆಯ ಹಿಂದೆ ಸೇರಿಕೊಂಡರು. ಹುಡುಗನ ತಾಯಿ ಹಣ್ಣಿನ ತಟ್ಟೆಯ ಸಮೇತ ಕೊಟ್ಟಿಗೆಯೊಳಗೆ ಹೋಗಿ ಎತ್ತುಗಳ ನಡುವೆ ನಿಂತರು. ಜಟಕಾಕ್ಕೆ ಕುದುರೆ ಕಟ್ಟುವ ಮರಗಳಲ್ಲಿ ಒಂದು ಮುರಿಯಿತು. ಇಷ್ಟಾದ ಮೇಲೂ ಅವರು ಗಿರಿಜಳನ್ನು ಒಪ್ಪಿದರೆಂದರೆ ಆ ಮನೆಯವರ ಒಳ್ಳೆಯತನ. ಒಂದೇ ಮಾತು ಹೇಳಿದರು: ನರಸೀಪುರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಅದು ಮುಗಿದ ಮೇಲೆ ಮದುವೆ. ಮನೆ ಕಟ್ಟಿಸುವವರು ಹಾಗೆ ಹೇಳಿದರೆ ಒಂದು ವರ್ಷ ಎಂದು ಅರ್ಥ ಮಾಡಿಕೊಳ್ಳಬೇಕು.

ಮದುವೆಗೆ ನೆಂಟರೆಲ್ಲ ಬರುವ ಮನೆಯಲ್ಲಿ ಇಂಥ ಕುದುರೆಯನ್ನು ಇಟ್ಟುಕೊಳ್ಳುವುದು ಹೇಗೆ? ಮಾರಲು ದೊಡ್ಡಪ್ಪನಿಗೆ ಮನಸ್ಸಿಲ್ಲ. ಕೊನೆಗೆ, "ಆ ಕೆಲ್ಸ ಮಾಡಿಸ್ಬುಡಾದು" ಎಂದರು. ಹೋರಿಗಳಿಗೆ ಬೀಜ ಒಡೆಸುವಾಗ ಯಾವತ್ತೂ ಮುಚ್ಚುಮರೆ ಮಾಡದ ಮನೆ ನಮ್ಮದು. ಕುದುರೆಯ ವಿಷಯ ಬಂದಾಗ ಮಾತ್ರ ಅದು "ಆ ಕೆಲ್ಸ" ಆಯಿತು. ಯಾಕಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ಮೈಸೂರಿನಿಂದ ಕುದುರೆ ಡಾಕ್ಟರನ್ನು ಕರೆಸಿದರು. ಹೆಂಗಸರನ್ನೆಲ್ಲ ಒಳಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ನಾವು ಕಿಟಕಿಯಿಂದ ನೋಡಿದೆವು. ಸುಲ್ತಾನ ಸೂಜಿ ಚುಚ್ಚಿಸಿಕೊಂಡು, ಮಂಡಿ ಮಡಿಸಿ, ಹುಲ್ಲಿನ ಮೇಲೆ ಒರಗಿಕೊಂಡ. ಅವನು ಮತ್ತೆ ಎದ್ದು ನಿಲ್ಲುವ ಹೊತ್ತಿಗೆ ಡಾಕ್ಟರು ಕಾಫಿ ಕುಡಿಯುತ್ತಿದ್ದರು. ದಿನಾ ನಡೆಸಿ, ಕಟ್ಟಿಹಾಕಿದರೆ ಊದಿಕೊಳ್ಳುತ್ತದೆ, ಎರಡು ತಿಂಗಳು ಹೆಣ್ಣು ಕುದುರೆಯ ಹತ್ತಿರ ಬಿಡಬೇಡಿ ಎಂದು ಹೇಳಿ ಹೋದರು.

ನಡೆಸಿ ಎಂದದ್ದನ್ನು ದೊಡ್ಡಪ್ಪ ಕೇಳಿದರು. ಇನ್ನೊಂದು ಮಾತು ಗಾಯಕ್ಕೆ ಸಂಬಂಧಪಟ್ಟದ್ದೆಂದು ತಿಳಿದರು. ಗಾಯ ಬೇಗ ಮಾಯಿತು, ಆ ಮಾತೂ ಅಲ್ಲಿಗೆ ಮುಗಿಯಿತು. ನಮ್ಮ ಕಡೆಯವರಿಗೆ ಏನನ್ನು ಅಳೆಯುವುದಕ್ಕೂ ಎತ್ತೇ ಸೇರು. ಬೀಜ ಒಡೆಸಿದ ಎತ್ತನ್ನು ಹಸುವಿನ ಪಕ್ಕಕ್ಕೆ ಕಟ್ಟುವುದು ನಮ್ಮ ಕೊಟ್ಟಿಗೆಯಲ್ಲಿ ಅಪ್ಪನ ಅಜ್ಜನ ಕಾಲದಿಂದ ನಡೆದುಬಂದದ್ದು. ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಮುರಿದ ಜಟಕಾ ಇನ್ನೂ ಬಡಗಿಯ ಮನೆಯಲ್ಲೇ ಬಿದ್ದಿತ್ತು. ಬೇಸಿಗೆ, ಅಮೀರ್ ಸಾಬರ ಮನೆಯಲ್ಲಿ ಕುದುರೆಗೆ ಹುಲ್ಲಿಲ್ಲ. ದೊಡ್ಡಪ್ಪನಿಗೆ ಅದರ ಬಗ್ಗೆ ಸಂಕೋಚವಿತ್ತು. "ನಿನ್ ಕುದ್ರೆಯ ತಂದು ನಮ್ ಕೊಟ್ಗೇಲಿ ಕಟ್ಟು. ಇನ್ನೇನಿದ್ದದು ಇವನತ್ರ, ಎತ್ತಿದ್ದಂಗೆ ಈಗ" ಎಂದರು. ರಾಣಿ ಬಂದಳು. ಕಾಲುವೆ ಪಕ್ಕದ ಹಸಿ ಹುಲ್ಲು ತಿಂದುಕೊಂಡು ಮುಂಗಾರು ಹಿಡಿಯುವವರೆಗೂ ಇದ್ದು, ಮರ ಕೂಡಿಸಿದ ಜಟಕಾ ಬಂದ ಮೇಲೆ ಹೋದಳು.

ಬೀಜ ಒಡೆಸಿದ ದಿನದಿಂದಲೇ ಸುಲ್ತಾನ ಹಸುವಿನ ಹಾಗಾಗುತ್ತಾನೆಂದು ಎಲ್ಲರೂ ಕಾಯುತ್ತಿದ್ದರು. ಆಗಲಿಲ್ಲ. ಮೊದಲ ಕೆಲವು ವಾರ ಅವನು ಹಿಂದಿನ ಸುಲ್ತಾನನೇ. ಅದೇ ಕೆನೆತ, ಅದೇ ಕಚ್ಚಾಟ. ಡಾಕ್ಟರು ಮೋಸ ಮಾಡಿದರೆಂದು ದೊಡ್ಡಪ್ಪ ಗೊಣಗುತ್ತಿದ್ದರು. ಬದಲಾವಣೆ ಬಂದದ್ದು ನಿಧಾನವಾಗಿ. ನಾನು ಭಾನುವಾರಗಳಲ್ಲಿ ಮಾತ್ರ ಹೋಗುತ್ತಿದ್ದುದರಿಂದ ನನಗದು ಚೆನ್ನಾಗಿ ಕಾಣುತ್ತಿತ್ತು. ಮೊದಲು ದನಿ ಗಿಡ್ಡವಾಯಿತು. ಊರೆಲ್ಲ ಕೇಳುತ್ತಿದ್ದ ಕೆನೆತ ಗಂಟಲಿನಲ್ಲೇ ಮುಗಿಯತೊಡಗಿತು. ಆಮೇಲೆ ರಸ್ತೆಯ ಕಡೆ ಮುಖ ಮಾಡಿ ನಿಲ್ಲುವುದು ಬಿಟ್ಟು ಮೇವಿನ ಬಾನಿಯ ಕಡೆ ಮುಖ ಮಾಡಿದ. ಕತ್ತು ಇಳಿಯಿತು, ಹೊಟ್ಟೆ ಬಂತು. ದೀಪಾವಳಿಯ ಹೊತ್ತಿಗೆ ಬಿಸಿಲಿನಲ್ಲಿ ಕಾಲು ಚಾಚಿ ಮಲಗಿ ನಿದ್ದೆ ಮಾಡುವುದನ್ನು ಕಲಿತ. ಕೋಳಿಯೊಂದು ಅವನ ಬೆನ್ನ ಮೇಲೆ ಹತ್ತಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಅಪ್ಪ ಅವನ ಬಾಯಿಯೊಳಗೆ ಕೈಹಾಕಿ ಬೆಲ್ಲ ಇಡುತ್ತಿದ್ದರು.

ಕೆಲವು ಹೋಗಲೂ ಇಲ್ಲ. ಲದ್ದಿ ಮಾತ್ರ ಗೇಟಿನ ಬಲಗಡೆಯೇ ಹಾಕಬೇಕು. ಗೆಜ್ಜೆಯ ಸದ್ದು ಕೇಳಿದರೆ ಕಿವಿ ನಿಮಿರಿಸಿ, ತಲೆ ಎತ್ತಿ, ತುಟಿ ಮಡಿಚಿ ನಿಲ್ಲುತ್ತಿದ್ದ. ಆಮೇಲೆ, ಒಳಗಿನಿಂದ ಏನೋ ತರಲು ಬಂದು ಏನೆಂದು ಮರೆತವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದು ಹುಲ್ಲಿಗೆ ಬಾಯಿ ಹಾಕುತ್ತಿದ್ದ. ಬಂದವರೆಲ್ಲ ಅವನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ಗಂಡಸರು ಸ್ವಲ್ಪ ಹೆಚ್ಚಾಗಿಯೇ ಎನ್ನುತ್ತಿದ್ದರು. ನನಗೆ ಅವನಲ್ಲಿ ದುಃಖವೇನೂ ಕಾಣಲಿಲ್ಲ. ಚೆನ್ನಾಗಿ ತಿಂದು ಚೆನ್ನಾಗಿ ಮಲಗುತ್ತಿದ್ದ. ಕುದುರೆಗೆ ದುಃಖವಾಗಿದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡವರು ಅದೇ ಮನೆಯಲ್ಲಿ ದೊಡ್ಡಮ್ಮನ ಬಗ್ಗೆ ಅಷ್ಟು ಯೋಚನೆ ಮಾಡಿದಂತೆ ನನಗೆ ನೆನಪಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅಮೀರ್ ಸಾಬರು ಜಟಕಾ ಇಲ್ಲದೆ ನಡೆದುಕೊಂಡು ಬಂದರು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ದೊಡ್ಡಮ್ಮ ಅಂಗಳದಲ್ಲಿ ಹುರುಳಿ ಒಣಹಾಕಿ ಕಲ್ಲು ಆರಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ.

"ಯಜಮಾನ್ರೇ, ನಮ್ ರಾಣಿ ಗಬ್ಬ ಆಗವ್ಳೆ" ಎಂದರು ಸಾಬರು.

"ಒಳ್ಳೇದಾಯ್ತು ಬುಡು. ಯಾರ ಕುದ್ರೆ?"

"ಇನ್ಯಾರ್ದು. ನಿಮ್ ಸುಲ್ತಾನಂದೇ."

ದೊಡ್ಡಪ್ಪ ಮೊದಲು ನಕ್ಕರು. ಆಮೇಲೆ ಮುಖ ಗಂಟಾಯಿತು. "ಬೀಜ ಒಡ್ಸಿದ ಮ್ಯಾಕೆ ತಾನೇ ನೀನು ತಂದು ಕಟ್ಟಿದ್ದು. ನಿನ್ ಕುದ್ರೆ ಎಲ್ಲೆಲ್ಲಿ ತಿರುಗ್ಕ ಬಂದದೋ ಏನೋ. ತಂದು ನನ್ ಬಾಗ್ಲಿಗೆ ಕಟ್ಬ್ಯಾಡ."

ಸಾಬರಿಗೆ ಅವಮಾನವಾಯಿತು. "ಎಲ್ಲಿಗೋಗಾಳು ಯಜಮಾನ್ರೇ? ನಿಮ್ ಕೊಟ್ಗೆ ಬುಟ್ರೆ ನಮ್ ಕೊಟ್ಗೆ. ಈ ಸೀಮೇಲಿ ಇನ್ನೊಂದು ಗಂಡು ಕುದ್ರೆ ಎಲ್ಲದೆ ತೋರ್ಸಿ" ಎಂದರು.

"ಅದೆಲ್ಲ ನಂಗೊತ್ತಿಲ್ಲ. ಆಗಾಕಿಲ್ಲ ಅಂದ್ರೆ ಆಗಾಕಿಲ್ಲ."

ನನ್ನ ಪಕ್ಕದಲ್ಲಿ ದೊಡ್ಡಮ್ಮನ ಕೈ ಹುರುಳಿಯ ಮೇಲೆ ನಿಂತಿತು. ಎದ್ದು ಒಳಗೆ ಹೋದಳು. ಜಗಳದ ಮಧ್ಯೆ ಇರಲಾರದೆ ಹೋದಳೆಂದುಕೊಂಡೆ. ಒಂದು ಲೋಟ ಕಾಫಿ ತಂದು ಸಾಬರ ಮುಂದಿಟ್ಟು, ಗಂಡನ ಕಡೆ ನೋಡದೆ, "ಬೇಜಾರ್ ಮಾಡ್ಕಬ್ಯಾಡಿ ಸಾಬ್ರೇ. ಅದು ಬಾಯಿಲ್ದ ಜೀವ. ಬಾಯಿರೋರ್ ಯೋಳಿದ್ನೇ ಈ ಮನೇಲಿ ಕೇಳಾಕಿಲ್ಲ" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ವಿಷಯಕ್ಕೆ ಆಡಿದ ಎರಡನೆಯ ಮಾತು ಅದು. ದೊಡ್ಡಪ್ಪ ಎದ್ದು ಗದ್ದೆಯ ಕಡೆ ಹೊರಟರು. ಈ 'ಎದ್ದು ಗದ್ದೆಗೆ ಹೋಗುವುದು' ನಮ್ಮ ಮನೆಯ ಗಂಡಸರಿಗೆ ವಂಶಪಾರಂಪರ್ಯವಾಗಿ ಬಂದ ವಿದ್ಯೆ.

ಸಾಬರು ಮಾತ್ರ ಬಿಡಲಿಲ್ಲ. ರಾಣಿಯ ಮರ್ಯಾದೆಯ ಪ್ರಶ್ನೆ ಎಂಬಂತೆ ಮೈಸೂರಿನ ಅದೇ ಡಾಕ್ಟರನ್ನು ಕರೆಸಿ, ಬಸುರಿ ಕುದುರೆಯನ್ನು ತೋರಿಸಿ, ವಾಪಸು ಹೋಗುವಾಗ ನಮ್ಮ ಮನೆಗೂ ಕರೆದುಕೊಂಡು ಬಂದರು. ಡಾಕ್ಟರು ಸುಲ್ತಾನನನ್ನು ನೋಡಿ ಚೆನ್ನಾಗಿ ಮೈ ಬಂದಿದೆ ಎಂದು ಬೆನ್ನು ತಟ್ಟಿದರು. ಕೈ ತೊಳೆಯಲು ದೊಡ್ಡಪ್ಪನೇ ಚೊಂಬಿನಿಂದ ನೀರು ಹಾಕುತ್ತಿದ್ದರು. ಆಗ ಡಾಕ್ಟರು, "ಎರಡು ತಿಂಗಳು ಹತ್ತಿರ ಬಿಡಬೇಡಿ ಅಂತ ಹೇಳಿದ್ನಲ್ಲ ಯಜಮಾನ್ರೇ. ತೆಗೆದ ದಿನದಿಂದ ಹೊಸದು ತಯಾರಾಗೋದು ನಿಲ್ಲುತ್ತೆ. ಆಗಲೇ ಒಳಗೆ ನಾಳದಲ್ಲಿ ಇಳಿದು ಉಳ್ಕೊಂಡಿರುತ್ತಲ್ಲ, ಅದು ಕೆಲವು ವಾರ ಇದ್ದೇ ಇರುತ್ತೆ. ಅಪರೂಪ, ಆದರೆ ಆಗುತ್ತೆ" ಎಂದರು.

"ಎತ್ತಿಗೆ ಇಂಗಾಗಿದ್ದು ನಾ ಕಾಣೆ" ಎಂದರು ದೊಡ್ಡಪ್ಪ.

"ನಿಮ್ಮ ಎತ್ತುಗಳು ಪುಣ್ಯವಂತರು. ಮನುಷ್ಯರಲ್ಲೂ ಆಗುತ್ತೆ. ಸಂತಾನ ಆಪರೇಷನ್ ಮಾಡಿಸ್ಕೊಂಡ ಗಂಡಸರಿಗೆ ಇನ್ನೂ ಮೂರು ತಿಂಗಳು ಹುಷಾರಾಗಿರಿ, ಮಗು ನಿಲ್ಲಬಹುದು ಅಂತ ಹೇಳಿ ಕಳಿಸ್ತಾರೆ. ಕೇಳಿಸ್ಕೊಳ್ಳೋರು ಯಾರು?"

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡು ಟವೆಲಿನಲ್ಲಿ ಒರೆಸಿಕೊಂಡರು. ದೊಡ್ಡಪ್ಪ ಚೊಂಬು ಖಾಲಿಯಾಗುವವರೆಗೂ ನೀರು ಸುರಿಯುತ್ತಲೇ ಇದ್ದರು. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ನಾನು ನನ್ನ ಕಾಲುಗಳ ಕಡೆ ನೋಡಿದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡು ಮಗುಚಿಹಾಕಿದ ಪುಟ ಅದೇ ಇರಬೇಕು.

ಆದರೆ ದೊಡ್ಡಪ್ಪ ಅವತ್ತು ಏನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ನರಸೀಪುರದ ಮನೆಗೆ ತಾರಸಿ ಬಿತ್ತು, ಮದುವೆಯ ದಿನ ಗೊತ್ತಾಯಿತು, ಧಾರೆಗೆ ಕೂರುವವರ ಹೆಸರು ಬದಲಾಗಲಿಲ್ಲ. ಅಮ್ಮ ಧಾರೆಗೆಂದು ರೇಷ್ಮೆ ಸೀರೆ ತೆಗೆದಿಟ್ಟುಕೊಂಡು, ದೊಡ್ಡಮ್ಮನಿಗೆ ಅದನ್ನು ತೋರಿಸಲಾರದೆ ಒದ್ದಾಡುತ್ತಿದ್ದಳು. ದೊಡ್ಡಪ್ಪನಿಗೆ ಡಾಕ್ಟರ ಮಾತೂ ಸಾಲದಾಗಿತ್ತೋ, ಇಪ್ಪತ್ತು ವರ್ಷ ಜಗಲಿಯ ಮೇಲೆ ಮಲಗಿದವರಿಗೆ ಒಳಗೆ ಬರುವ ದಾರಿ ಮರೆತಿತ್ತೋ ನನಗೆ ತಿಳಿಯದು. ದಿನವೂ ಸಂಜೆ ಕವಲಂದೆಗೆ, ಸಾಬರ ಕೊಟ್ಟಿಗೆಗೆ, ಹೋಗಿ ಬರುತ್ತಿದ್ದರೆಂದು ಅಪ್ಪ ಹೇಳಿದರು. ರಾಣಿ ಈಯುವುದನ್ನು ಕಾಯುತ್ತಿದ್ದರಂತೆ.

ಮದುವೆಗೆ ವಾರವಿದ್ದಾಗ ರಾಣಿ ಈದಳು. ನಾನು ಶ್ಯಾವಿಗೆ ಒತ್ತಲು ಹೋಗಿದ್ದೆ. ಅಡುಗೆಮನೆಯಲ್ಲಿ ಶ್ಯಾವಿಗೆ ಒರಳಿನ ಮುಂದೆ ನಾನು, ಅಮ್ಮ, ದೊಡ್ಡಮ್ಮ ಇದ್ದೆವು. ದೊಡ್ಡಪ್ಪ ಹೊರಗಿನಿಂದ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರನ್ನು ಆ ಬಾಗಿಲಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಮರಿ ಅಣೆ ಮ್ಯಾಲೆ ಬಿಳೀ ಪಟ್ಟೆ" ಎಂದರು. "ಎಡಕ್ಕೇ ವಾಲ್ಕಂಡದೆ."

ಒರಳಿನಿಂದ ಶ್ಯಾವಿಗೆ ಎಳೆಯೆಳೆಯಾಗಿ ಇಳಿಯುತ್ತಿತ್ತು.

"ಧಾರೆಗೆ ನಾನೇ ಕೂತ್ಕತೀನಿ ಗೌರಿ. ನೀನೂ ಬಾ" ಎಂದರು. ಮಠದಲ್ಲಿ ಬಿಟ್ಟರೆ ಇನ್ನೆಲ್ಲೂ ತಗ್ಗದ ದನಿ ಅಷ್ಟು ತಗ್ಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ದೊಡ್ಡಮ್ಮ ಒರಳಿನ ಹಿಡಿಯನ್ನು ಬಿಡಲಿಲ್ಲ. "ನಾ ಯೋಳ್ದಾಗ ನಂಬ್ನಿಲ್ಲ. ಡಾಕ್ಟ್ರು ಯೋಳ್ದಾಗ್ಲೂ ನಂಬ್ನಿಲ್ಲ. ಕುದ್ರೆ ಮರಿ ಅಣೆ ನೋಡಿ ನಂಬ್ಕಂಡ್ರಾ?" ಎಂದಳು. "ನಿಮ್ ಮಗಳ ಮೊಕ ಇಪ್ಪತ್ತೊರ್ಸ ಇದೇ ಮನೇಲಿತ್ತು. ಒಂದಿನ ನೋಡುದ್ರಾ?"

ದೊಡ್ಡಪ್ಪ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು. ಎದ್ದು ಗದ್ದೆಗೆ ಹೋಗಲಿಲ್ಲ. ನನಗೆ ಆ ಕ್ಷಣ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಕೊನೆಗೆ ದೊಡ್ಡಮ್ಮನೇ, "ಕೂತ್ಕತೀನಿ. ಮಗೀಗೋಸ್ಕರ" ಎಂದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಧಾರೆ ಚೆನ್ನಾಗಿಯೇ ಆಯಿತು. ದೊಡ್ಡಪ್ಪ ಗಿರಿಜಳ ಕೈ ಹಿಡಿದು ಹುಡುಗನ ಕೈಯಲ್ಲಿಟ್ಟರು. ಅವಳ ಕೈಯನ್ನು ಅವರು ಮೊದಲ ಸಲ ಹಿಡಿದದ್ದು, ಬೇರೆಯವನಿಗೆ ಕೊಡುವುದಕ್ಕೆ. ದೊಡ್ಡಮ್ಮ ಗಿಂಡಿಯಿಂದ ಧಾರೆಯ ನೀರು ಬಿಟ್ಟಳು. ದೊಡ್ಡಪ್ಪ ಅತ್ತರು, ಜನ ಅದನ್ನು ಮಗಳನ್ನು ಕಳಿಸುವ ಸಂಕಟ ಎಂದುಕೊಂಡರು. ದೊಡ್ಡಮ್ಮ ಅಳಲಿಲ್ಲ. ಸುಲ್ತಾನ ಛತ್ರದ ಮುಂದೆ ಮದುಮಗನನ್ನು ಹೊತ್ತು, ಬ್ಯಾಂಡಿನವರ ಮಧ್ಯೆ, ತೂಕಡಿಸುತ್ತ ನಿಂತಿದ್ದ.

ಆಮೇಲೆ ದೊಡ್ಡಪ್ಪನಿಗೆ ಒಂದು ಹುಚ್ಚು ಹಿಡಿಯಿತು. ನರಸೀಪುರಕ್ಕೆ ಮಗಳ ಮನೆಗೆ ಹೋದಾಗಲೆಲ್ಲ ಕಾರಣವಿದ್ದರೂ ಇಲ್ಲದಿದ್ದರೂ ಅವಳ ಹೆಸರು ಹಿಡಿದು ಕರೆಯುವರು. ಗಿರಿಜಾ, ನೀರು. ಗಿರಿಜಾ, ಬಿಸ್ಲು ಬಂತು. ಗಿರಿಜಾ, ಬಸ್ಸು ಓಯ್ತು. ಅವಳೂ ಮೊದಮೊದಲು ಗಾಬರಿಯಿಂದ ಓಡಿ ಬರುತ್ತಿದ್ದವಳು ಕ್ರಮೇಣ ಒಳಗಿನಿಂದಲೇ ಊಂ ಎನ್ನತೊಡಗಿದಳು. ಕೆಲವು ವರ್ಷಗಳ ಮೇಲೆ ಒಂದು ಅವರೆಕಾಯಿ ಕಾಲದಲ್ಲಿ ನಾನು ಆಫೀಸು ಮುಗಿಸಿ ಅಲ್ಲಿಗೆ ಹೋದಾಗ ಗಿರಿಜಳ ಬಾಣಂತನಕ್ಕೆ ಬಂದಿದ್ದ ದೊಡ್ಡಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಮುಂದಿನ ಜಗಲಿಯಿಂದ ದೊಡ್ಡಪ್ಪನ ದನಿ ಕೇಳುತ್ತಿತ್ತು. ಗಿರಿಜಾ, ಮಗಾ ಎದ್ದದೆ.

ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಪಕ್ಕದಲ್ಲಿ ಕೂತೆ. "ಈಗ ಮನಸ್ಸು ಹಗುರ ಆಯ್ತಾ ದೊಡ್ಡಮ್ಮ?" ಎಂದು ಕೇಳಿದೆ.

"ಅವ್ರಿಗಾಯ್ತು ಕಣವ್ವ" ಎಂದಳು. ಕಾಳು ಬಟ್ಟಲಿಗೆ, ಸಿಪ್ಪೆ ಬೇರೆ ಕಡೆಗೆ ಬೀಳುತ್ತಿದ್ದವು. "ನಂಗೇನಾಗ್ಬೇಕಿತ್ತು? ಗಿರಿಜ ಯಾರ್ ಮಗ್ಳು ಅಂತ ನಂಗೆ ಆವತ್ತೇ ಗೊತ್ತಿತ್ತಲ್ಲ. ಗೊತ್ತಾಗ್ಬೇಕಾದೋರ್ಗೆ ಗೊತ್ತಾಗೊ ಒತ್ಗೆ ನನ್ ತಲೆ ಬೆಳ್ಳಗಾಗಿತ್ತು. ಅಷ್ಟೇಯ."